ಅರವತ್ತೈದು ಕಾಣದ ಮುಖ

ಇವತ್ತು ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದು ಮುಂದಕ್ಕೆ ನೀರು ಚಿಮುಕಿಸುತ್ತಿದ್ದೆ. ಮೈಸೂರಿನಿಂದ ಕ್ರೀಮು ಕಂಪನಿಯ ಹುಡುಗ ಬಂದು ನಿಂತ. ಕೊರಳಿಗೆ ಟೈ, ಕೈಯಲ್ಲಿ ಬ್ಯಾಗು. ನರಸೀಪುರದ ಬಿಸಿಲಿಗೆ ಟೈ ಕಟ್ಟಿಕೊಂಡು ಬರುವವನನ್ನು ಕಂಡರೆ ನನಗೆ ಮೊದಲು ಪಾಪ ಅನಿಸುತ್ತದೆ. ಅವನು ಬಾಯಿ ತೆರೆದ ಮೇಲೆ ಆ ಪಾಪ ಉಳಿಯುವುದಿಲ್ಲ. ಈ ಹುಡುಗ ಕೌಂಟರಿನ ಗಾಜಿನ ಮೇಲೆ ಎರಡು ಟ್ಯೂಬು ಇಟ್ಟ. ಒಂದು ಹಸಿರು, ಒಂದು ಬಿಳಿ. ಹಸಿರಿನದು ಪ್ರಕೃತಿಯ ಮಡಿಲಿನಿಂದ ಬಂದದ್ದಂತೆ, ಬಿಳಿಯದು ವಿಜ್ಞಾನದ ಲ್ಯಾಬಿನಿಂದ ಬಂದದ್ದಂತೆ. ಹಸಿರಿನಲ್ಲಿ ಲೋಳೆಸರ, ಶ್ರೀಗಂಧ, ಕಸ್ತೂರಿ ಅರಿಶಿನ. ಬಿಳಿಯದರಲ್ಲಿ ರೆಟಿನಾಲ್ ಅಂತ ಏನೋ ಒಂದು, ಅದರ ಹಿಂದೆ ನಾಲಿಗೆ ತಿರುಗದ ಇನ್ನೂ ನಾಲ್ಕು. ಎರಡೂ ಮುಖದ ಸುಕ್ಕು ಬಿಡಿಸಿ ಮನುಷ್ಯನನ್ನು ಹತ್ತು ವರ್ಷ ಹಿಂದಕ್ಕೆ ಕಳಿಸುತ್ತವಂತೆ. ತಿರುಗಿಸಿ ನೋಡಿದೆ. ಎರಡರ ಬೆನ್ನಿನ ಮೇಲೂ ಒಂದೇ ಕಾರ್ಖಾನೆಯ ವಿಳಾಸ. ಪ್ರಕೃತಿಯ ಮಡಿಲು ಮತ್ತು ವಿಜ್ಞಾನದ ಲ್ಯಾಬು ಒಂದೇ ಕಾಂಪೌಂಡಿನೊಳಗೆ ಇವೆ ಅಂತ ನನಗೆ ಇವತ್ತೇ ಗೊತ್ತಾದದ್ದು.

ಹುಡುಗ ಹಸಿರು ಟ್ಯೂಬನ್ನು ಒತ್ತಿ ನನ್ನ ಅಂಗೈ ಮೇಲೆ ಕಡಲೆಕಾಳಿನಷ್ಟು ಹಾಕಿ, ಮೂಸಿ ನೋಡಿ ಸಾರ್, ಅಸಲಿ ಅರಿಶಿನ ಅಂದ. ಮೂಸಿದೆ. ಕಸ್ತೂರಿ ಅರಿಶಿನದ ವಾಸನೆ ನನಗೆ ಗೊತ್ತು. ಅದು ಒಣಮಣ್ಣಿಗೆ ಕರ್ಪೂರ ಬೆರೆಸಿದ ಹಾಗಿರುತ್ತದೆ. ಇದು ಟ್ಯಾಕ್ಸಿಯೊಳಗೆ ಕನ್ನಡಿ ಕೆಳಗೆ ನೇತುಹಾಕುವ ಡಬ್ಬಿಯ ವಾಸನೆ. ಆದರೇನು, ನಕಲಿ ನೋಟು ನೋಡಿದರೂ ಅಸಲಿ ನೋಟು ನೆನಪಾಗುತ್ತದೆ. ನನಗೆ ನಂಜನಗೂಡಿನ ನಮ್ಮಜ್ಜಿ ನೆನಪಾದಳು. ಅವಳ ಹಿಂದೆಯೇ ಸೋಸಲೆಯ ಚಿಕ್ಕಜ್ಜಿಯೂ ಬಂದಳು.

ನಾನು ಹತ್ತನೇ ಕ್ಲಾಸಿಗೆ ಎರಡು ಸಲ ಕೂತು ಎರಡು ಸಲವೂ ಎದ್ದುಬಂದವನು. ಬಳೆ, ರಿಬ್ಬನ್ನು, ಪೌಡರು, ಪಿನ್ನು ಮಾರುತ್ತೇನೆ. ಓದುವ ನಿಮಗೆ ಇದರಲ್ಲಿ ಉಪಮೆ ಗಿಪಮೆ ಜಾಸ್ತಿ ಸಿಕ್ಕುವುದಿಲ್ಲ. ಆದರೆ ಗಂಧದ ಕ್ರೀಮು ಒಳ್ಳೆಯದೋ ಲ್ಯಾಬಿನ ಕ್ರೀಮು ಒಳ್ಳೆಯದೋ ಅಂತ ಯಾರಾದರೂ ಕೇಳಿದರೆ ಹೇಳುವ ಹಕ್ಕು ನನಗೂ ಸ್ವಲ್ಪ ಇದೆ. ಆ ಪರೀಕ್ಷೆ ನಮ್ಮ ಮನೆಯಲ್ಲೇ ನಡೆದಿದೆ, ಅದೂ ಇಬ್ಬರು ಸ್ವಂತ ಅಕ್ಕತಂಗಿಯರ ಮುಖದ ಮೇಲೆ. ಫಲಿತಾಂಶಕ್ಕೆ ಸರ್ಕಾರಿ ಸೀಲೂ ಬಿದ್ದಿದೆ.

ಅಜ್ಜಿ ಅಂದರೆ ನನ್ನ ಅವ್ವನ ಅವ್ವ, ಸಿದ್ದಮ್ಮ. ನಂಜನಗೂಡಿನಲ್ಲಿ ಮಗನ ಮನೆಯಲ್ಲಿದ್ದಾಳೆ. ಅವಳ ತಂಗಿ ಮಾದಮ್ಮ ಸೋಸಲೆಗೆ ಮದುವೆಯಾಗಿ ಹೋದವಳು, ಅವಳೇ ಚಿಕ್ಕಜ್ಜಿ. ಇಬ್ಬರ ಗಂಡಂದಿರೂ ಇದ್ದರು. ಇದ್ದರು ಅಷ್ಟೇ, ಅದಕ್ಕಿಂತ ಹೆಚ್ಚು ಹೇಳುವಂಥದ್ದು ಅವರು ಏನೂ ಮಾಡಲಿಲ್ಲ. ಅಕ್ಕತಂಗಿ ಇಬ್ಬರಿಗೂ ಹುಟ್ಟಿದ ತಾರೀಖು ಇಲ್ಲ, ಇಸವಿಯೂ ಇಲ್ಲ. ಇರುವ ಲೆಕ್ಕ ಒಂದೇ: ಚಿಕ್ಕಜ್ಜಿ ಹುಟ್ಟಿದಾಗ ಅಜ್ಜಿಗೆ ಕೂಸನ್ನು ಸೊಂಟದ ಮೇಲೆ ಹೊತ್ತು ತಿರುಗುವಷ್ಟು ಬಲ ಬಂದಿತ್ತು. ಅಂದರೆ ಐದೋ ಆರೋ ವರ್ಷದ ಅಂತರ ಅಂತ ಇಟ್ಟುಕೊಳ್ಳಿ. ರೇಷನ್ ಕಾರ್ಡು ಬರೆಯಲು ಬಂದವರು ಅಲ್ಲೂ ಇಲ್ಲೂ ಇಬ್ಬರಿಗೂ ಐವತ್ತು ಅಂತಲೇ ಬರೆದುಕೊಂಡು ಹೋಗಿದ್ದರು. ನಮ್ಮ ಬೀದಿಗೆ ಬಂದವನು ಅರ್ಧ ಜನಕ್ಕೆ ಐವತ್ತೇ ಬರೆದಿದ್ದ. ಪುಣ್ಯಾತ್ಮನಿಗೆ ಐವತ್ತನ್ನು ಬರೆಯಲು ಕೈ ಚೆನ್ನಾಗಿ ಕೂತಿರಬೇಕು.

ಅಜ್ಜಿಯ ಕಸುಬು ಊದುಬತ್ತಿ ಹೊಸೆಯುವುದು. ನಡುಮನೆಯಲ್ಲಿ ಮಣೆ ಮುಂದೆ ಬೆಳಿಗ್ಗೆ ಕೂತರೆ ಸಂಜೆ ಏಳುವಳು. ಅವಳ ಇನ್ನೊಂದು ಕಸುಬು ಅವಳ ಮುಖ. ಶುಕ್ರವಾರ ಬಂತೆಂದರೆ ಮೈಗೆಲ್ಲ ಹರಳೆಣ್ಣೆ, ಆಮೇಲೆ ಕಡಲೆಹಿಟ್ಟು. ಕಸ್ತೂರಿ ಅರಿಶಿನದ ಕೊಂಬನ್ನು ಹಾಲಿನ ಕೆನೆ ಹಾಕಿ ಕಲ್ಲಿನ ಮೇಲೆ ತೇಯ್ದು ಮುಖಕ್ಕೆ ಬಳಿದುಕೊಂಡು, ಮಾತಾಡಿದರೆ ಬಿರುಕು ಬಿಡುತ್ತದೆ ಅಂತ ಒಂದು ಗಂಟೆ ಮೌನ. ಮಾವನ ಹೆಂಡತಿ ಆ ಒಂದು ಗಂಟೆಗೋಸ್ಕರ ವಾರವೆಲ್ಲ ಕಾಯುತ್ತಿದ್ದಳು. ನಂಜನಗೂಡಿನವರು ರಸಬಾಳೆ ತಿಂದು ಸಿಪ್ಪೆ ಎಸೆದರೆ, ನಮ್ಮಜ್ಜಿ ಸಿಪ್ಪೆಗೋಸ್ಕರ ಹಣ್ಣು ತಿನ್ನುತ್ತಿದ್ದಳು. ಸಿಪ್ಪೆಯ ಒಳಮೈಯನ್ನು ಕಣ್ಣಿನ ಸುತ್ತ ಉಜ್ಜಿಕೊಂಡು, ಸುಕ್ಕು ಬರಬೇಕಾದರೆ ನನ್ನ ಕೇಳಿ ಬರಬೇಕು ಅನ್ನುತ್ತಿದ್ದಳು. ಸುಕ್ಕು ಕೇಳಲೂ ಇಲ್ಲ, ಬರಲೂ ಇಲ್ಲ.

ಚಿಕ್ಕಜ್ಜಿ ಗದ್ದೆ ಕೂಲಿ. ಸೋಸಲೆಯ ಸುತ್ತ ನಾಲೆ ನೀರು ಹರಿಯುವ ಕಡೆಯೆಲ್ಲ ನಾಟಿ, ಕಳೆ, ಕೊಯ್ಲು. ಬಟ್ಟೆ ಒಗೆಯುವ ಬಿಲ್ಲೆಯಲ್ಲೇ ಮುಖ ತೊಳೆಯುವಳು. ಬೇರೆ ಸೋಪು ಇದೆ ಅಂತ ನಾನು ತಂದುಕೊಟ್ಟರೆ, ಅದನ್ನು ನೆಂಟರು ಬಂದಾಗ ಇಡೋಣ ಅಂತ ಪೆಟ್ಟಿಗೆಯಲ್ಲಿ ಸೀರೆ ನಡುವೆ ಇಟ್ಟುಬಿಟ್ಟಳು. ಅವಳಿಗೆ ಮಕ್ಕಳಿಲ್ಲ. ನಾನು ನರಸೀಪುರದಲ್ಲಿ ಒಂದು ಫ್ಯಾನ್ಸಿ ಸ್ಟೋರಿನಲ್ಲಿ ಕೆಲಸಕ್ಕೆ ಸೇರಿದಾಗ ಅವಳ ಮನೆಯಲ್ಲೇ ಉಳಿದೆ. ತೊಂಬತ್ತರ ದಶಕದ ಕೊನೆ ಅದು, ನನಗೆ ಹತ್ತೊಂಬತ್ತು. ಬೆಳಿಗ್ಗೆ ಬಸ್ಸಿಗೆ ಮುಂಚೆ ಮುದ್ದೆ ಮಾಡಿ ಡಬ್ಬಿಗೆ ಹಾಕಿ, ಆಮೇಲೆ ತಾನು ಗದ್ದೆಗೆ ಹೋಗುವಳು. ಅವಳ ಮುದ್ದೆ ತಿಂದವನೇ ಅವಳಿಗೆ ಏನು ಮಾಡಿದ ಅನ್ನುವುದನ್ನು ಇನ್ನು ಹೇಳುತ್ತೇನೆ.

ನನ್ನ ಅಕ್ಕನ ಸೀಮಂತ. ನಂಜನಗೂಡಿನಲ್ಲಿ ನಮ್ಮ ಮನೆ ತುಂಬ ಹೆಂಗಸರು. ಬಳೆ ತೊಡಿಸುವವಳು ಮಲಾರ ಬಿಚ್ಚಿಕೊಂಡು ಕೂತಿದ್ದಳು. ಅಜ್ಜಿ ಕೈ ನೀಡಿ ಹಸಿರು ಬಳೆ ತೊಡಿಸಿಕೊಂಡಳು. ಆಮೇಲೆ ಬಳೆಯವಳು ಪಕ್ಕದಲ್ಲಿದ್ದ ಚಿಕ್ಕಜ್ಜಿಯನ್ನು ತೋರಿಸಿ ಅಜ್ಜಿಯನ್ನು ಕೇಳಿದಳು:

"ನಿಮ್ಮವ್ವಂಗೂ ತೊಡಿಸ್ಬುಡ್ಲಾ ಅಕ್ಕಾ?"

ಮನೆಯೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ಚಿಕ್ಕಜ್ಜಿಯೇ ನಕ್ಕಳು. ಅಜ್ಜಿ ಮಾತ್ರ ನಗಲಿಲ್ಲ. ಇವಳು ನನ್ನ ತಂಗಿ ಕಣಮ್ಮ, ನಾನು ಎತ್ತಿ ಆಡಿಸಿದ ಕೂಸು ಅಂತ ಬಳೆಯವಳಿಗೆ ಬಿಡಿಸಿ ಹೇಳಿದಳು. ಹೇಳುವಾಗ ಅವಳ ಮುಖದಲ್ಲಿ ಒಂದು ಸಂತೋಷ ಇತ್ತು, ಅದನ್ನು ಅವಳು ಮುಚ್ಚಿಡಲೂ ಇಲ್ಲ.

ಸಂಜೆ ಬಸ್ಸಿನಲ್ಲಿ ಚಿಕ್ಕಜ್ಜಿಯೂ ನಾನೂ ಸೋಸಲೆಗೆ ವಾಪಸ್ಸು ಬಂದೆವು. ಅವಳು ಕಾಲು ತೊಳೆದು, ಒಲೆ ಮುಂದೆ ಕೂತು, ನನ್ನ ಕಡೆ ತಿರುಗದೆ ಕೇಳಿದಳು:

"ಲೇ ಮಗ, ನಿಮ್ಮಂಗ್ಡೀಲಿ ಮಕಕ್ಕೆ ಹಾಕೋದು ಏನಾರ ಒಳ್ಳೇದ್ ಅದಾ? ಚೆಂದುಳ್ಳಿ ಆಗ್ಬೇಕಾಗಿಲ್ಲ ಕಣ್ಲಾ. ಅಕ್ಕನ್ ತಂಗಿ ಅಂತ ಗೊತ್ತಾದ್ರೆ ಸಾಕು."

ಇದೆ ಅಂದೆ. ಇಲ್ಲ ಅಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ನಮ್ಮ ಅಂಗಡಿಯಲ್ಲಿ ಆಗ ಫಾರ್ಮುಲಾ ಅಂತ ಒಂದು ಮಾಲು ಇತ್ತು. ಹೆಸರಿಲ್ಲ, ಚೀಟಿಯಿಲ್ಲ, ಬಿಳಿ ಪ್ಲಾಸ್ಟಿಕ್ ಡಬ್ಬಿ. ಅಂಗಡಿ ಸಾಹುಕಾರರು ಮುಖಕ್ಕೆ ಹಚ್ಚುವ ಸ್ನೋ ಒಂದು ದೊಡ್ಡ ಬಾಟಲಿ ತರಿಸುತ್ತಿದ್ದರು. ಗಜಕರ್ಣಕ್ಕೆ, ಕಜ್ಜಿಗೆ ಅಂತ ಔಷಧಿ ಅಂಗಡಿಯಲ್ಲಿ ಸಿಗುವ ಎರಡು ಬಗೆಯ ಟ್ಯೂಬನ್ನೂ ತರಿಸುತ್ತಿದ್ದರು. ಮೂರನ್ನೂ ಸ್ಟೀಲ್ ಪಾತ್ರೆಗೆ ಹಿಂಡಿ, ಚಮಚದಲ್ಲಿ ನೊರೆ ಬರುವ ಹಾಗೆ ಕಲಸಿ ಡಬ್ಬಿಗೆ ತುಂಬುವುದು. ಕಲಸುವ ಕೆಲಸ ನನ್ನದು. ಬೋಂಡ ಹಿಟ್ಟಿಗೂ ಇದಕ್ಕೂ ಇದ್ದ ವ್ಯತ್ಯಾಸ ಅಂದರೆ ಬೋಂಡಕ್ಕೆ ಉಪ್ಪು ನೋಡಿ ಹಾಕುತ್ತಾರೆ. ಕೇಳಿದವರಿಗೆಲ್ಲ ಫಾರಿನ್ ಫಾರ್ಮುಲಾ, ಹತ್ತು ವರ್ಷ ಇಳಿಸುತ್ತದೆ ಅಂತ ನಾನೇ ಹೇಳುತ್ತಿದ್ದೆ. ಎಷ್ಟು ಸಲ ಹೇಳಿದ್ದೆ ಅಂದರೆ ನನಗೇ ನಂಬಿಕೆ ಬಂದಿತ್ತು. ಮಾರುವವನು ನಂಬಬಾರದು ಅಂತ ಸಾಹುಕಾರರು ನನಗೆ ಕಲಿಸಿರಲಿಲ್ಲ.

ಮೊದಲ ಎರಡು ತಿಂಗಳು ಏನು ಹೇಳಲಿ. ಚಿಕ್ಕಜ್ಜಿಯ ಮುಖ ಬೆಳ್ಳಗಾಯಿತು, ನುಣ್ಣಗಾಯಿತು, ಗೆರೆಗಳೆಲ್ಲ ತುಂಬಿಕೊಂಡ ಹಾಗೆ ಕಂಡವು. ನಾಟಿ ಗುಂಪಿನವರು, ಏನು ಮಾದಮ್ಮ ಎರಡನೇ ಸಂಬಂಧ ನೋಡುತ್ತಿದ್ದೀಯಾ ಅಂತ ರೇಗಿಸಿದರಂತೆ. ಅದನ್ನು ನನಗೆ ಹೇಳುವಾಗ ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ನಾನು ನಂಜನಗೂಡಿಗೆ ಹೋದಾಗ ಅಜ್ಜಿಯ ಅರಿಶಿನದ ಕಲ್ಲು ನೋಡಿ, ಇನ್ನೂ ಹಳೇ ಕಾಲದಲ್ಲೇ ಇದ್ದೀಯಲ್ಲಜ್ಜಿ, ವಿಜ್ಞಾನ ಎಲ್ಲಿಗೋ ಹೋಯಿತು ಅಂದೆ. ವಿಜ್ಞಾನ ಅಂದರೆ ನಾನು, ನನ್ನ ಸ್ಟೀಲ್ ಪಾತ್ರೆ ಮತ್ತು ಚಮಚ.

ಆಮೇಲೆ ಬೇಸಿಗೆ ನಾಟಿ ಶುರುವಾಯಿತು. ಬಗ್ಗಿ ನಿಂತವಳ ನೆತ್ತಿಗೆ ಮೇಲಿನ ಬಿಸಿಲು, ಮುಖಕ್ಕೆ ನೀರಿನಿಂದ ಎದ್ದು ಬರುವ ಬಿಸಿಲು. ಮೊದಲು ಕೆನ್ನೆ ಕೆಂಪಾಗಿ ಉರಿಯಿತು. ಕ್ರೀಮು ಹಚ್ಚಿದರೆ ಉರಿ ನಿಲ್ಲುವುದು, ಬಿಟ್ಟರೆ ಹೆಚ್ಚುವುದು. ಅದಕ್ಕೆ ಇನ್ನಷ್ಟು ಹಚ್ಚಿದಳು, ನಾನು ಇನ್ನಷ್ಟು ತಂದುಕೊಟ್ಟೆ. ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ ತೆಳ್ಳಗಾಗಿ ಒಳಗಿನ ಎಳೆ ನರ ಕಾಣತೊಡಗಿತು. ಗಲ್ಲದ ಮೇಲೆ ಕೂದಲು ಬಂತು. ಕೊನೆಗೆ ಎರಡು ಕೆನ್ನೆಯ ಮೇಲೂ ಸೀದ ರೊಟ್ಟಿಯ ಹಾಗೆ ಕಪ್ಪು ತೇಪೆ ಕೂತಿತು. ಸಾಹುಕಾರರನ್ನು ಕೇಳಿದರೆ, ಅವರ ಚರ್ಮದಲ್ಲೇ ಏನೋ ದೋಷ ಇರಬೇಕು ಅಂದರು. ಸರಿ, ಅರವತ್ತು ವರ್ಷ ಇರದಿದ್ದ ದೋಷ ನಾನು ಡಬ್ಬಿ ಕೊಟ್ಟ ಮೇಲೆ ಬಂದಿರಬೇಕು. ಆ ತಿಂಗಳೇ ಕೆಲಸ ಬಿಟ್ಟೆ. ಬಿಟ್ಟದ್ದರಿಂದ ಯಾರ ಮುಖವೂ ಸರಿಹೋಗಲಿಲ್ಲ.

ಅಜ್ಜಿ ಓಡಿಬಂದಳು. ನನಗೆ ಬೈದಳು, ಬೈದು ಮುಗಿಸಿ ಚೀಲದಿಂದ ಕಸ್ತೂರಿ ಅರಿಶಿನದ ಕೊಂಬು, ನಿಂಬೆಹಣ್ಣು ತೆಗೆದಳು. ಈಗ ಪ್ರಕೃತಿಯ ಸರದಿ. ಸಿಪ್ಪೆ ಎದ್ದ ಚರ್ಮದ ಮೇಲೆ ನಿಂಬೆರಸದ ಅರಿಶಿನ ಬಿದ್ದಾಗ ಚಿಕ್ಕಜ್ಜಿ ಕಿರುಚಲಿಲ್ಲ, ಮಂಚದ ಹಗ್ಗ ಹಿಡಿದುಕೊಂಡಳು. ಮೂರು ದಿನದಲ್ಲಿ ತೇಪೆ ಇನ್ನೊಂದು ಬೆರಳಗಲ ಹರಡಿತು. ಅಜ್ಜಿ ಅರಿಶಿನವನ್ನು ಸದ್ದಿಲ್ಲದೆ ಚೀಲಕ್ಕೆ ಹಾಕಿಕೊಂಡು ಊರಿಗೆ ಹೋದಳು. ಲ್ಯಾಬು ಕಾಲು ಭಾಗ ಸುಟ್ಟಿತ್ತು, ಬೇರುನಾರು ಬಂದು ಉಳಿದದ್ದನ್ನು ನೋಡಿಕೊಂಡಿತು. ಚಿಕ್ಕಜ್ಜಿಗೆ ಕೊನೆಗೆ ಉರಿ ಕಡಿಮೆ ಮಾಡಿದ್ದು ಎರಡೂ ಅಲ್ಲ, ಆರು ತಿಂಗಳು ಗದ್ದೆಗೆ ಹೋಗದೆ ಮನೆಯೊಳಗೆ ಕೂತದ್ದು.

ಆಗ ನನ್ನ ದಪ್ಪ ತಲೆಗೆ ಒಂದು ವಿಷಯ ಹೊಳೆಯಿತು. ಅಜ್ಜಿ ನಲವತ್ತು ವರ್ಷ ಮಾಡಿಕೊಂಡು ಬಂದದ್ದು ಅರಿಶಿನದ ಆರೈಕೆ ಅಂತ ಎಲ್ಲರೂ ತಿಳಿದಿದ್ದೆವು, ಅವಳೂ ತಿಳಿದಿದ್ದಳು. ಅಸಲಿಗೆ ಅವಳು ನಲವತ್ತು ವರ್ಷ ನಡುಮನೆಯ ನೆರಳಿನಲ್ಲಿ ಊದುಬತ್ತಿ ಹೊಸೆದಿದ್ದಳು. ತಂಗಿ ಅದೇ ನಲವತ್ತು ವರ್ಷ ಬಿಸಿಲಲ್ಲಿ ಬಗ್ಗಿದ್ದಳು. ಬಳೆಯವಳು ಅವ್ವ ಅಂದದ್ದು ಆ ಬಿಸಿಲಿಗೆ. ನೆರಳಿಗೆ ಬೇಕಾದರೆ ಹಸಿರು ಟ್ಯೂಬು ಅನ್ನಿ, ಬಿಳಿ ಟ್ಯೂಬು ಅನ್ನಿ, ಅದನ್ನು ಹಿಡಿಸುವ ಡಬ್ಬಿ ಇನ್ನೂ ಬಂದಿಲ್ಲ. ಬಂದಿದ್ದರೆ ಕಂಪನಿಯ ಹುಡುಗ ಅದನ್ನೂ ತರುತ್ತಿದ್ದ.

ಇನ್ನು ಪಿಂಚಣಿ ವಿಷಯಕ್ಕೆ ಬರುತ್ತೇನೆ. ಇದಾಗಿ ಕೆಲವು ವರ್ಷಕ್ಕೆ ಅಜ್ಜಿಗೆ ಕಣ್ಣು ಮಂಜಾಗಿ ಊದುಬತ್ತಿ ಒಂದು ದಪ್ಪ ಒಂದು ಸಣ್ಣ ಬರತೊಡಗಿ, ಮಾಲು ಕೊಡುವವರು ಬರುವುದನ್ನೇ ನಿಲ್ಲಿಸಿದರು. ಎಲೆ ಅಡಿಕೆಗೂ ಸೊಸೆ ಮುಂದೆ ಕೈ ಒಡ್ಡುವ ಸ್ಥಿತಿ. ಸೊಸೆ ಕೊಡುತ್ತಿದ್ದಳು. ಕೊಟ್ಟು ಏನಾದರೂ ಒಂದು ಮಾತು ಸೇರಿಸುತ್ತಿದ್ದಳು. ಸಿದ್ದಮ್ಮನಿಗೆ ಅಡಿಕೆ ನುಂಗಬಹುದು, ಆ ಮಾತು ನುಂಗಲಾಗುತ್ತಿರಲಿಲ್ಲ. ಚಿಕ್ಕಜ್ಜಿಗೂ ಕೂಲಿ ನಿಂತಿತ್ತು. ಇಬ್ಬರಿಗೂ ವೃದ್ಧಾಪ್ಯ ವೇತನಕ್ಕೆ ಅರ್ಜಿ ಹಾಕಿಸಿದೆ. ಅರವತ್ತೈದು ದಾಟಿರಬೇಕು ಅನ್ನುವುದು ಕಾನೂನು. ಹುಟ್ಟಿದ ದಾಖಲೆ ಇಲ್ಲದವರನ್ನು ಕ್ಯಾಂಪಿನಲ್ಲಿ ಡಾಕ್ಟರು ನೋಡಿ, ಅಂದಾಜು ವಯಸ್ಸು ಬರೆದು ಸಹಿ ಹಾಕಬೇಕು. ನೋಡುವುದು ಅಂದರೆ ಬೇರೇನಿಲ್ಲ, ಮುಖ ನೋಡುವುದು.

ಮೊದಲು ನರಸೀಪುರ ಕಡೆಯ ಕ್ಯಾಂಪು. ಚಿಕ್ಕಜ್ಜಿಯ ಸರದಿ ಬಂದಾಗ ಡಾಕ್ಟರು ಕನ್ನಡಕ ಮೇಲೆತ್ತಿ, ಮುಖಕ್ಕೆ ಏನಮ್ಮ ಹಚ್ಚಿದ್ದು, ಯಾರು ಕೊಟ್ಟರು ಅಂತ ಕೇಳಿದರು. ನಾನು ಅವಳ ಪಕ್ಕದಲ್ಲೇ ನಿಂತಿದ್ದೆ. ಗೋಡೆ ಮೇಲಿನ ಪೋಲಿಯೋ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ.

"ಯಾರೂ ಕೊಡ್ನಿಲ್ಲ ಸಾ," ಅಂದಳು ಚಿಕ್ಕಜ್ಜಿ. "ಬಿಸ್ಲು."

ಡಾಕ್ಟರು ಅರವತ್ತಾರು ಬರೆದರು. ಹೊರಗೆ ಬಂದು ಅರಳಿಕಟ್ಟೆ ಮೇಲೆ ಕೂತು ಅವಳು ಚೀಟಿಯನ್ನು ಎರಡು ಕೈಯಲ್ಲಿ ಹಿಡಿದು ನೋಡಿದಳು. ಓದಲು ಬರುವುದಿಲ್ಲ, ಸುಮ್ಮನೆ ನೋಡಿದಳು. ಆಮೇಲೆ, ನೋಡ್ಲಾ, ನಿನ್ನ ಡಬ್ಬಿ ದಂಡ ಆಗಲಿಲ್ಲ ಅಂದಳು. ತಮಾಷೆಗೇ ಅಂದದ್ದು. 

ಅದೇ ವಾರ ನಂಜನಗೂಡು ಕಡೆಯ ಕ್ಯಾಂಪು. ತಂಗಿಗೇ ಅರವತ್ತಾರು ಬಂದಿದೆ, ಅಕ್ಕನಿಗೆ ಕಣ್ಣು ಮುಚ್ಚಿಕೊಂಡು ಬರುತ್ತದೆ ಅಂತ ನಾವೆಲ್ಲ ಧೈರ್ಯವಾಗಿದ್ದೆವು. ನಮ್ಮ ಜನ ಮಾಡುವ ತಪ್ಪು ಇಲ್ಲೇ ಆಯಿತು ನೋಡಿ. ಸರ್ಕಾರಿ ಸಾಹೇಬರ ಮುಂದೆ ನಿಲ್ಲಬೇಕಾದರೆ ಮದುವೆಗೆ ಹೋದ ಹಾಗೆ ಹೋಗಬೇಕು ಅನ್ನುವುದು ನಮ್ಮ ಕಡೆಯ ಮರ್ಯಾದೆ. ನಾನು ಬಡವಿ ಅಂತ ಅರ್ಜಿ ಕೊಡುವವಳೂ ಪೆಟ್ಟಿಗೆ ತಳದ ರೇಷ್ಮೆ ಸೀರೆ ತೆಗೆಯುತ್ತಾಳೆ. ಅಜ್ಜಿ ಹಿಂದಿನ ರಾತ್ರಿಯೇ ಕೆನೆ ಕಟ್ಟಿಟ್ಟು, ಬೆಳಿಗ್ಗೆ ಎಣ್ಣೆ, ಕಡಲೆಹಿಟ್ಟು, ಅರಿಶಿನ ಎಲ್ಲ ಮುಗಿಸಿ, ಮಗನ ತಲೆಗೆ ಹಚ್ಚುವ ಕಪ್ಪು ಬಣ್ಣವನ್ನು ತನ್ನ ತಲೆಗೂ ಹಚ್ಚಿಸಿಕೊಂಡು, ಮಲ್ಲಿಗೆ ಮುಡಿದು ಬಂದು ನಿಂತಳು. ನಾನೇ ಪೌಡರ್ ಹಚ್ಚಿಕೊಟ್ಟೆ. ನನ್ನ ಕೈ ಸುಮ್ಮನಿರುವ ಜಾತಿಯಲ್ಲ.

ಡಾಕ್ಟರು ಅವಳನ್ನು ನೋಡಿ ನಕ್ಕರು. ಐವತ್ತನಾಲ್ಕು ಬರೆದರು.

ಅಜ್ಜಿಗೆ ಎಷ್ಟು ಸಂತೋಷವಾಯಿತು ಅಂದರೆ, ಆಟೋದವನಿಗೆ, ಹೂವಿನವಳಿಗೆ, ಬೀದಿಯ ನಲ್ಲಿ ಹತ್ತಿರ ಇದ್ದವರಿಗೆಲ್ಲ, ಡಾಕ್ಟರೇ ಹೇಳಿದರು ಐವತ್ತನಾಲ್ಕಂತೆ ಅಂತ ಹೇಳಿಕೊಂಡು ಬಂದಳು. ಮನೆಯಲ್ಲಿ ಕಾಫಿ ಕುಡಿದು ಮುಗಿಸುವ ಹೊತ್ತಿಗೆ ನನ್ನ ಮಾವ ಒಂದು ಮಾತು ಅಂದ. ಹಾಗಾದರೆ ಅವ್ವ, ಇನ್ನು ಹನ್ನೊಂದು ವರ್ಷ ತಡಕೊ ಅಂದ. ಅಜ್ಜಿ ಲೋಟ ಕೆಳಗಿಟ್ಟಳು. ಅವತ್ತು ಪ್ರಕೃತಿ ಗೆದ್ದಿತ್ತು, ಸರ್ಕಾರ ಸಹಿ ಹಾಕಿ ಸೀಲು ಒತ್ತಿತ್ತು. ಗೆದ್ದವಳಿಗೆ ಎಲೆ ಅಡಿಕೆಗೆ ಗತಿಯಿರಲಿಲ್ಲ.

ಕಾಗದದ ಮೇಲೆ ಈಗ ಚಿಕ್ಕಜ್ಜಿಯೇ ಹನ್ನೆರಡು ವರ್ಷ ದೊಡ್ಡವಳು. ಊರವರಿಗೆ ಇದಕ್ಕಿಂತ ತಮಾಷೆ ಬೇಕೆ. ಮಾದಮ್ಮನ ಕಾಲಿಗೆ ಬೀಳು, ನಿಮ್ಮಕ್ಕ ಅಲ್ಲವೇ ಅಂತ ಅಜ್ಜಿಯನ್ನು ರೇಗಿಸುವವರು ಹೆಚ್ಚಾದರು. ಚಿಕ್ಕಜ್ಜಿ ಎದುರಿಗೆ ಯಾರಾದರೂ ಹಾಗೆ ಅಂದರೆ ಅವಳು ಎದ್ದು ಒಳಗೆ ಹೋಗುವಳು. ಅಕ್ಕನ ತಂಗಿ ಅಂತ ಕಂಡರೆ ಸಾಕು ಅಂದವಳನ್ನು ಸರ್ಕಾರಿ ದಾಖಲೆಯಲ್ಲೇ ಅಕ್ಕ ಮಾಡಿ ಕೂರಿಸಿದ್ದೆ ನಾನು.

ಅಜ್ಜಿ ಇನ್ನೇನು ಮಾಡಿಯಾಳು, ವಯಸ್ಸು ಏರಿಸಿಕೊಳ್ಳುವ ಕೆಲಸಕ್ಕೆ ಇಳಿದಳು. ಲೋಕದಲ್ಲಿ ಎಲ್ಲರೂ ಇಳಿಸುವ ಮದ್ದು ಹುಡುಕಿದರೆ ನಮ್ಮ ಮನೆಯಲ್ಲಿ ಏರಿಸುವ ಮದ್ದು. ತಾರಸಿ ಮೇಲೆ ಬಿಸಿಲಿಗೆ ಕೂತಳು, ಮೂರನೇ ದಿನ ತಲೆನೋವು ಬಂದು ಇಳಿದಳು. ಅರಿಶಿನ ಮುಟ್ಟುವುದಿಲ್ಲ ಅಂತ ಆಣೆ ಇಟ್ಟಳು, ಶುಕ್ರವಾರ ಬಂದಾಗ ಆಣೆ ಮರೆತಳು. ತಲೆಗೆ ಬಣ್ಣ ಬಿಟ್ಟಳು, ಬೆಳ್ಳಿಕೂದಲು ಬಂದರೆ ಇನ್ನೂ ಲಕ್ಷಣವಾಗಿ ಕಂಡಳು. ಹೀಗೆ ಎರಡು ವರ್ಷ ಹೋಯಿತು. ಒಂದು ದಿನ ನಾನೂ ಚಿಕ್ಕಜ್ಜಿಯೂ ನಂಜನಗೂಡಿಗೆ ಹೋಗಿದ್ದೆವು. ಸೊಸೆ ಇಲ್ಲದ ಹೊತ್ತು ನೋಡಿ ಅಜ್ಜಿ ನನ್ನನ್ನು ಹಿತ್ತಲಿಗೆ ಕರೆದಳು.

"ಆ ಡಬ್ಬಿ ನಂಗೂ ಒಂದು ತತ್ತಾ. ಅವ್ಳ್ಗಾದಂಗೆ ನಂಗೂ ಆಗ್ಲಿ."

ನಾನು ತಮಾಷೆ ಅಂದುಕೊಂಡೆ. ಅವಳ ಮುಖ ನೋಡಿದ ಮೇಲೆ ಅಲ್ಲ ಅಂತ ಗೊತ್ತಾಯಿತು. ಬೇಡಜ್ಜಿ ಅಂದೆ. ಉರಿದರೆ ಉರಿಯಲಿ, ಮುಖ ಇಟ್ಟುಕೊಂಡು ನಾನೇನು ತಿನ್ನಬೇಕಾ ಅಂದಳು. ಅಷ್ಟು ವರ್ಷ ಸುಕ್ಕನ್ನು ಬಾಗಿಲಲ್ಲೇ ನಿಲ್ಲಿಸಿದ ಹೆಂಗಸು ಹೇಳುವ ಮಾತಾ ಅದು. ಬಚ್ಚಲ ಬಾಗಿಲಲ್ಲಿ ಚಿಕ್ಕಜ್ಜಿ ನಿಂತಿದ್ದಳು, ಎಲ್ಲ ಕೇಳಿಸಿಕೊಂಡಿದ್ದಳು. ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು, ಬರುವ ಕ್ಯಾಂಪಿಗೆ ನಾನೇ ಬರುತ್ತೇನೆ, ನಾನು ತಂಗಿ ಅಂತ ನಾನೇ ಹೇಳುತ್ತೇನೆ, ನನ್ನ ಚೀಟಿ ತೋರಿಸಿದರೆ ಆಯಿತಲ್ಲ ಅಂದಳು. ಎರಡು ವರ್ಷದಲ್ಲಿ ಈ ಬುದ್ಧಿ ನಮ್ಮಲ್ಲಿ ಒಬ್ಬರಿಗೂ ಬಂದಿರಲಿಲ್ಲ. ಓದಿದವರೂ ಇದ್ದರು ಮನೆಯಲ್ಲಿ.

ಈ ಸಲ ಕ್ಯಾಂಪಿನಲ್ಲಿ ಹೊಸ ಲೇಡಿ ಡಾಕ್ಟರು, ಚಿಕ್ಕ ವಯಸ್ಸು. ಅಜ್ಜಿಗೆ ಹಳೆ ಸೀರೆ ಉಟ್ಟುಕೊಂಡು, ಮುಖ ತೊಳೆಯದೆ ಬಾ ಅಂತ ಮಾವ ಹೇಳಿದ್ದ. ಹಳೆ ಸೀರೆಗೆ ಒಪ್ಪಿದಳು, ಮುಖಕ್ಕೆ ಒಪ್ಪಲಿಲ್ಲ. ವಯಸ್ಸು ನೋಡಲಿ, ಕೊಳೆ ಯಾಕೆ ನೋಡಬೇಕು ಅಂದಳು. ಅಕ್ಕತಂಗಿ ಮೇಜಿನ ಮುಂದೆ ನಿಂತರು. ಚಿಕ್ಕಜ್ಜಿ ಪ್ಲಾಸ್ಟಿಕ್ ಕವರಿನಿಂದ ತನ್ನ ಚೀಟಿ ತೆಗೆದು ಕೊಟ್ಟು, ನಾನು ತಂಗಿ ಕಣವ್ವ, ನನಗೇ ಇಷ್ಟಾಗಿದೆ ಅಂದಳು. ಡಾಕ್ಟರು ಚೀಟಿ ನೋಡಿದರು, ಇಬ್ಬರ ಮುಖ ನೋಡಿದರು. ಪಕ್ಕದ ಗುಮಾಸ್ತ, ಮೇಡಂ ಇಂಥವು ದಿನಾ ಬರುತ್ತವೆ, ಅಕ್ಕನನ್ನು ತಂಗಿ ಅಂತ ಕರಕೊಂಡು ಬಂದಿದ್ದಾರೆ ಅಂದ. ಅವನದೂ ತಪ್ಪಿಲ್ಲ. ಯಾರೇ ನೋಡಿದರೂ ಹಾಗೇ ಅನ್ನಬೇಕು.

"ಇವ್ರು ಇಷ್ಟು ವಯಸ್ಸಾದವ್ರ ಥರ ಕಾಣ್ತಾರೆ, ತಂಗಿ ಅಂದ್ರೆ ಹೇಗ್ ನಂಬ್ಲಿ?" ಅಂದರು ಡಾಕ್ಟರು.

ಚಿಕ್ಕಜ್ಜಿ ಹಳೆಯ ಮಾತೇ ಹೇಳಿದಳು, ಬಿಸಿಲು ಅಂದಳು. ಡಾಕ್ಟರು ಬಿಸಿಲಿಗೆ ಹೀಗಾಗುವುದಿಲ್ಲ ಅಂತ ತಲೆಯಾಡಿಸಿ ಚೀಟಿಯನ್ನು ವಾಪಸ್ಸು ಚಾಚಿದರು. ಚಿಕ್ಕಜ್ಜಿ ನನ್ನ ಕಡೆ ನೋಡಲಿಲ್ಲ. ನೋಡದೆ ಇರಲು ಅವಳು ಪಡುತ್ತಿದ್ದ ಕಷ್ಟ ನನಗೆ ಕಾಣಿಸಿತು. ನನ್ನ ಹಿಂದೆ ಕ್ಯೂನಲ್ಲಿ ನಮ್ಮ ಬೀದಿಯವರೇ ಹತ್ತು ಜನ.

"ಅದು ಬಿಸ್ಲೊಂದೇ ಅಲ್ಲ ಮೇಡಂ," ಅಂದೆ. "ನಾನ್ ಕ್ರೀಮ್ ಹಚ್ಚಿಸ್ದೆ. ನನ್ ಕೈಯಾರೆ ಕಲ್ಸಿದ್ದು."

ಏನೇನು ಕಲಸಿದೆ ಅಂತ ಕೇಳಿದರು. ಒಂದೊಂದಾಗಿ ಹೇಳಿದೆ. ಡಾಕ್ಟರು ಪೂರ್ತಿ ಕೇಳಿಸಿಕೊಂಡರು. ಗಜಕರ್ಣದ ಟ್ಯೂಬು ಕೆಟ್ಟದ್ದಲ್ಲ, ಗಜಕರ್ಣಕ್ಕೆ ಹದಿನೈದು ದಿನ ಹಚ್ಚಬೇಕಾದದ್ದನ್ನು ಒಳ್ಳೆಯ ಮುಖಕ್ಕೆ ತಿಂಗಳುಗಟ್ಟಲೆ ಹಚ್ಚಿಸಿ ಬಿಸಿಲಿಗೆ ಕಳಿಸಿದವನು ಕೆಟ್ಟವನು ಅಂದರು. ಆಮೇಲೆ ಅಜ್ಜಿಯೇ ಮುಂದೆ ಬಂದು, ನಿಂಬೆಹಣ್ಣು ಅರಿಶಿನ ಹಚ್ಚಿದ್ದು ನಾನು ಅಂತ ತನ್ನ ಪಾಲನ್ನೂ ಒಪ್ಪಿಕೊಂಡಳು. ಡಾಕ್ಟರು ತಲೆ ಮೇಲೆ ಕೈ ಇಟ್ಟುಕೊಂಡು ಮನೆಮದ್ದಿಗೂ ಒಂದು ಮಂಗಳಾರತಿ ಎತ್ತಿದರು. ಸುಟ್ಟ ಜಾಗಕ್ಕೆ ಹುಳಿ ಹಿಂಡುವವರನ್ನು ಏನು ಮಾಡಬೇಕು ಅಂದರು.

ಅಷ್ಟರಲ್ಲಿ ಚಿಕ್ಕಜ್ಜಿಗೆ ಇದೆಲ್ಲ ಸಾಕಾಗಿತ್ತು. ಮುಖಕ್ಕೆ ಸೆರಗು ಎಳೆದುಕೊಂಡು, ಹೈಕಳು ತಿಳಿಯದೆ ಮಾಡಿದ್ದು, ಬಿಡವ್ವ, ನಮಗೆ ಪಿಂಚಣಿಯೇ ಬೇಡ ಅಂತ ತಿರುಗಿ ಹೊರಟಳು. ಅಜ್ಜಿ ಅವಳ ರಟ್ಟೆ ಹಿಡಿದು ನಿಲ್ಲಿಸಿದಳು.

"ನಿಂತ್ಕೊ ಮಾದಿ. ಸೆರಗ ತಗಿ. ಡಾಕ್ಟ್ರಿಗೆ ಮಕ ತೋರ್ಸು."

ಚಿಕ್ಕಜ್ಜಿ ನಿಂತಳು. ಸೆರಗು ತೆಗೆದಳು. ಕೈ ಕಟ್ಟಿಕೊಂಡು, ಅಕ್ಕ ಹೇಳಿದ ಕಡೆಗೆ ಕೆನ್ನೆ ತಿರುಗಿಸಿ, ಕೂಸಿನ ಹಾಗೆ ನಿಂತಳು. ಅರವತ್ತೆಂಟು ವರ್ಷದ, ಸರ್ಕಾರದ ಲೆಕ್ಕದಲ್ಲಿ ಹಿರಿಯಳಾದ ಹೆಂಗಸು, ಐವತ್ತಾರರವಳು ಒಂದು ಗದರು ಗದರಿದ್ದಕ್ಕೆ ತುಟಿ ಎರಡು ಮಾಡಲಿಲ್ಲ. ಡಾಕ್ಟರು ಅವಳ ಕೆನ್ನೆ ಮುಟ್ಟಿ ನೋಡಿದರು. ಮುಟ್ಟಿಸಿಕೊಳ್ಳುವಾಗ ಅವಳು ಅಕ್ಕನ ಸೀರೆ ಚುಂಗು ಹಿಡಿದುಕೊಂಡಿದ್ದಳು.

"ಸಾಕು," ಅಂದರು ಡಾಕ್ಟರು ಗುಮಾಸ್ತನಿಗೆ. "ಅಕ್ಕ ಯಾರು ಅಂತ ಗೊತ್ತಾಯ್ತು."

ಎಷ್ಟು ಅಂತರ ಅಂತ ಕೇಳಿದರು. ನಾನು ಹೊತ್ತುಕೊಂಡು ತಿರುಗಿದ್ದೇನೆ ಅಂದಳು ಅಜ್ಜಿ. ಎಪ್ಪತ್ತಮೂರು ಅಂತ ಬರೆದು ಸಹಿ ಹಾಕಿದರು. ಎರಡು ವರ್ಷದಲ್ಲಿ ಹತ್ತೊಂಬತ್ತು ವರ್ಷ ವಯಸ್ಸಾದ ಮನುಷ್ಯಳು ಕರ್ನಾಟಕದಲ್ಲಿ ನಮ್ಮಜ್ಜಿ ಒಬ್ಬಳೇ ಇರಬೇಕು. ಹೊರಗೆ ಬಂದು ಎಪ್ಪತ್ತಮೂರಾ, ಅದು ಸ್ವಲ್ಪ ಜಾಸ್ತಿಯಾಯಿತು ಅಂತ ಗೊಣಗಿದಳು.

ಟೈ ಕಟ್ಟಿದ ಹುಡುಗ ಇನ್ನೂ ಆರ್ಡರ್ ಪುಸ್ತಕ ತೆರೆದುಕೊಂಡು ಕಾಯುತ್ತಿದ್ದ. ಹಸಿರು ಬರೆದುಕೊಳ್ಳಲಾ ಬಿಳಿ ಬರೆದುಕೊಳ್ಳಲಾ ಅಂದ. ನೀನು ಯಾವುದು ಹಚ್ಚುತ್ತೀಯ ಅಂತ ಕೇಳಿದೆ. ನನಗೆ ಎರಡೂ ಆಗುವುದಿಲ್ಲ ಸಾರ್, ಬೊಬ್ಬೆ ಬರುತ್ತದೆ ಅಂದ. ಪರವಾಗಿಲ್ಲ, ನನಗಿಂತ ಒಳ್ಳೆಯ ಸೇಲ್ಸ್‌ಮನ್, ನಿಜ ಹೇಳುತ್ತಾನೆ. ಎರಡನ್ನೂ ವಾಪಸ್ಸು ಕೊಟ್ಟು, ಕುಡಿಯಲು ನೀರು ಕೊಟ್ಟು, ಬಿಸಿಲು ಏರುವ ಮುಂಚೆ ಹೋಗು ಅಂದೆ.

ಮಧ್ಯಾಹ್ನ ಅಂಗಡಿ ಬಾಗಿಲು ಎಳೆದು ಊಟಕ್ಕೆ ಸೋಸಲೆಗೆ ಹೋದೆ. ಸಾಮಾನ್ಯವಾಗಿ ನಾನು ತಟ್ಟೆ ನೋಡಿಕೊಂಡೇ ಉಂಡು ಬರುವವನು. ಇವತ್ತು ತಲೆ ಎತ್ತಿ ಚಿಕ್ಕಜ್ಜಿಯ ಮುಖವನ್ನು ನೋಡಿದೆ. ಎಡಗೆನ್ನೆಯ ತೇಪೆ ಸ್ವಲ್ಪ ತಿಳಿಯಾಗಿದೆ, ಬಲಗೆನ್ನೆಯದು ಹಾಗೇ ಇದೆ. ಸುತ್ತ ಎಷ್ಟು ಗೆರೆ, ಎಲ್ಲವನ್ನೂ ನೋಡಿದೆ. ಯಾಕ್ಲಾ ಹಾಗೆ ನೋಡುತ್ತೀಯ ಅಂದಳು. ನಿನಗೆ ವಯಸ್ಸಾಯಿತು ಕಣಜ್ಜಿ ಅಂದೆ. ಅವಳು ಸಾರಿನ ಸೌಟನ್ನು ಎತ್ತಿದವಳು ಹಾಗೇ ನಿಲ್ಲಿಸಿ ನನ್ನನ್ನು ದುರುಗುಟ್ಟಿಕೊಂಡು ನೋಡಿದಳು.

"ನಂಗೇನ್ಲಾ ಆಗಿರದು? ವಯಸ್ಸಾಗಿರದು ಅಕ್ಕಂಗೆ. ನಾನ್ ಚಿಕ್ಕೋಳು."